ಬಿಸಿಲಲ್ಲಿ ಬಿಗಿದ ಬಾಗಿಲು

ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಬಿಗಿಯುವುದು ಲೋಕಕ್ಕೆಲ್ಲ ಗೊತ್ತು. ಆದರೆ ಆ ವರ್ಷ ಮೂರಂತಸ್ತಿನ ಹಳೆಯ ಕಟ್ಟಡದ ಬಾಗಿಲುಗಳು ಸುಡುಬಿಸಿಲಲ್ಲಿ ಬಿಗಿದವು.

ಕೆಳಗಿನ ಕೋಣೆಯಲ್ಲಿ ಬಡಗಿಮಾವನಿದ್ದ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಯಾರು ಕೂಗಿದರೂ ಉಜ್ಜುಗೊರಡು ಹಿಡಿದು ಮೆಟ್ಟಿಲೇರುತ್ತಿದ್ದ. "ನಮ್ಮವರ ಹತ್ರ ಏನು ಕೂಲಿ?" ಅನ್ನುತ್ತಿದ್ದ. ಮಹಡಿಯ ಮನೆಯಲ್ಲಿ ಹೊಲಿಗೆ ಮಾಡುವ ಅಕ್ಕನ ಬಾಗಿಲನ್ನು ಒಂದೆಳೆ ಕೆತ್ತಿದ, ಬೆಣ್ಣೆಯಂತೆ ಸರಿಯಿತು. ಸ್ವಲ್ಪ ದಿನಕ್ಕೆ ಮತ್ತೆ ಕಚ್ಚಿಕೊಂಡಿತು. ಮತ್ತೆ ಕೆತ್ತಿದ. ಆಮೇಲೆ ಪಕ್ಕದ ಮೇಷ್ಟರ ಮನೆಯದು.

ತುತ್ತತುದಿಯ ಮನೆಯ ಅಜ್ಜಿಗೆ ಕಾಲಿನಲ್ಲಿ ಬಲವಿಲ್ಲ, ನಾಲಗೆಯಲ್ಲಿ ಬೇಕಾದಷ್ಟು. "ಎಷ್ಟು ಸಲ ಕೆತ್ತಿದ್ರೂ ಕಚ್ಚುತ್ತೆ. ಕೆತ್ತೋಕೆ ಬರಲ್ಲ, ಬಡಗಿಯಂತೆ!" ಎಂದು ಬೈದಳು. ಮಾವ ನಗುತ್ತಲೇ ಅವಳ ಬಾಗಿಲು ಕಳಚಿ ನೆಲಕ್ಕೆ ಮಲಗಿಸಿದ. ನಗು ಅಲ್ಲೇ ನಿಂತಿತು.

ಬಾಗಿಲು ಸೊಟ್ಟಗಿತ್ತು. ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ. ವಾಲುತ್ತಿದ್ದ ಚೌಕಟ್ಟಿಗೆ ತಕ್ಕಂತೆ ಅವನ ಕೈಯೇ ಅದನ್ನು ಕೆತ್ತಿತ್ತು. ಇಷ್ಟು ದಿನ ಕೂಗಿ ಹೇಳುತ್ತಿದ್ದ ಕಟ್ಟಡದ ಬಾಯನ್ನು, ಪಾಪ, ಅಕ್ಕರೆಯಿಂದಲೇ ಅವನು ಮುಚ್ಚಿಸಿದ್ದ.

"ಎಲ್ಲಾ ಹೊರಗೆ ಬನ್ನಿ, ಕಟ್ಟಡ ಕೂರ್ತಾ ಇದೆ, ಕುಸಿಯುತ್ತೆ!"

"ಮಾವನಿಗೆ ಅರಳುಮರಳು," ಎಂದಳು ಅಕ್ಕ.

"ನನ್ನ ಬಾಗಿಲು ಈಗ ಸಲೀಸಾಗಿದೆಯಲ್ಲಪ್ಪ, ನೀನೇ ಮಾಡಿದ್ದು," ಎಂದರು ಮೇಷ್ಟರು.

ಮಾವ ಉಳಿ ಸುತ್ತಿಗೆ ಎತ್ತಿಕೊಂಡ. ಮೊದಲು ಬೀದಿಬಾಗಿಲು, ಆಮೇಲೆ ಮನೆಮನೆಯದೂ ಕಳಚಿ ಹೊತ್ತು ಅಂಗಳದಲ್ಲಿ ಒಟ್ಟಿದ. ಚೌಕಟ್ಟು ಕುಸಿದು ಬಾಗಿಲು ಕಚ್ಚಿಕೊಂಡರೆ ಒಳಗಿದ್ದವರು ಒಳಗೇ.

"ಹುಚ್ಚಾ! ಕಳ್ಳರು ನುಗ್ಗಿದ್ರೆ ನೀನು ಕಾಯ್ತೀಯಾ?" ಎಂದು ಕೂಗುತ್ತ ತಂತಮ್ಮ ಬಾಗಿಲು ಹಿಂದಕ್ಕೆ ಪಡೆಯಲು ಎಲ್ಲರೂ ಮಕ್ಕಳುಮರಿ ಸಮೇತ ಅಂಗಳಕ್ಕೆ ನುಗ್ಗಿದರು. ಮೇಷ್ಟರು ಅವನ ಕೊರಳಪಟ್ಟಿ ಹಿಡಿದರು. ಮಾವ ತಲೆಗಳನ್ನು ನೋಡಿದ. ಒಂದು ಕಡಿಮೆ.

ಪಟ್ಟಿ ಬಿಡಿಸಿಕೊಂಡು ಒಳಗೋಡಿ ತುತ್ತತುದಿಯ ಮನೆಗೆ ಏರಿದ.

"ಮುಟ್ಟಬೇಡ ಕಣೋ, ಬಾಗಿಲುಗಳ್ಳ!" ಅಜ್ಜಿ ಊರುಗೋಲಿನಿಂದ ಬಾರಿಸಿದಳು. ಅವನು ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದ. ಗೋಡೆಯಿಂದ ಸುಣ್ಣದ ಪುಡಿ ಸಣ್ಣಗೆ ಉದುರುತ್ತಿತ್ತು.

ಅರ್ಧ ಇಳಿದಿರಬೇಕು. ಕೆಳಗೆ ಅವನ ಕೋಣೆಯ ಬಾಗಿಲು, ಕಳಚದೆ ಉಳಿದಿದ್ದ ಅದೊಂದೇ ಬಾಗಿಲು, ಗಾಳಿಯಿಲ್ಲದೆ ಕಿರ್ರೆಂದು ಬಂದು ತಾನಾಗಿ ಕಚ್ಚಿಕೊಂಡಿತು. ಅಂಗಳದ ಬೈಗುಳ ಒಮ್ಮೆಗೇ ನಿಂತುಹೋಯಿತು.

"ಏನೋ ಅದು ಸದ್ದು?" ಅಜ್ಜಿಯ ದನಿ ಮೊದಲ ಸಲ ಮೆತ್ತಗಾಗಿತ್ತು.

"ಏನಿಲ್ಲಜ್ಜಿ. ಬೈತಾ ಇರು. ಕೊರಳು ಮಾತ್ರ ಬಿಡಬೇಡ."

ಅವನು ಮುಂದಿನ ಮೆಟ್ಟಿಲಿಗೆ ಕಾಲು ಚಾಚಿದ. ಮೆಟ್ಟಿಲು ಇರಬೇಕಾದ ಜಾಗಕ್ಕಿಂತ ತುಸು ಕೆಳಗಿತ್ತು.