ಗೆರೆ ಅಳಿದ ಬೆರಳು

ನಮ್ಮ ಅಪಾಮ್ ಕಡಲತೀರದಲ್ಲಿ ಎಸಾಬಾಳಷ್ಟು ಚೆನ್ನಾಗಿ ಮೀನಿಗೆ ಹೊಗೆ ಹಾಕುವವರು ಯಾರೂ ಇರಲಿಲ್ಲ. ಅವಳನ್ನು ಕಂಡರಾಗದವರೂ ಈ ಮಾತು ಒಪ್ಪುತ್ತಿದ್ದರು. ಮಣ್ಣಿನ ಒಲೆಯ ಮೇಲೆ ತಂತಿಯ ಜಾಲರಿ, ಅದರ ಮೇಲೆ ಸಾಲು ಸಾಲು ಮೀನು. ಅವನ್ನು ಬರಿಗೈಯಲ್ಲೇ ಮಗುಚುತ್ತಿದ್ದಳು. ಇಕ್ಕಳ ಹಾಕಿದರೆ ಮೀನಿನ ಚರ್ಮ ಕಿತ್ತುಬರುತ್ತದೆ ಎಂದು ಅವಳ ವಾದ. ತನ್ನ ಚರ್ಮದ ಲೆಕ್ಕ ಅವಳು ಎಂದೂ ಇಡಲಿಲ್ಲ. ನಾನು ಪಕ್ಕದ ಮನೆಯ ಕುಕುವಾ, ಹುಳಿಹಿಟ್ಟಿನ ಮುದ್ದೆ ಕೆಂಕೆ ಬೇಯಿಸಿ ಮಾರುವವಳು. ಮಧ್ಯಾಹ್ನ ನನ್ನ ಮೆಕ್ಕೆಜೋಳದ ಕೆಂಕೆಗೆ ಅವಳ ಮೀನು ನಂಚಿಕೊಂಡು ಉಣ್ಣುತ್ತಿದ್ದೆವು, ಜಗಳವಾಡುತ್ತಿದ್ದೆವು, ಮರುದಿನ ಮತ್ತೆ ಕೂರುತ್ತಿದ್ದೆವು.

ಎಸಾಬಾಳಿಗೆ ಉಳಿದಿದ್ದವಳು ಮಗಳು ಮನ್ಸಾ ಒಬ್ಬಳೇ. ಅವಳಿಗಿಂತ ಮೊದಲಿನ ಎರಡು ಹೆಣ್ಣುಕೂಸುಗಳು ತೊಟ್ಟಿಲಲ್ಲೇ ಹೋದವು. ಗಂಡ ದೋಣಿಯೊಂದಿಗೆ ಹೋದವನು ಬರಲಿಲ್ಲ. ಮನ್ಸಾ ದಲ್ಲಾಳಿಯ ಮಾತು ನಂಬಿ ಅರಬರ ದೇಶಕ್ಕೆ ಮನೆಗೆಲಸಕ್ಕೆ ಹೋದಳು. ಅಲ್ಲಿಯ ಯಜಮಾನಿ ಮೊದಲು ಮಾಡಿದ ಕೆಲಸ ಹುಡುಗಿಯ ಫೋನ್ ಕಿತ್ತುಕೊಂಡದ್ದು. ದಲ್ಲಾಳಿ ರಾಜಧಾನಿ ಅಕ್ರಾದಿಂದ ಅಂಗಡಿ ಎತ್ತಿದ. ಆಮೇಲೆ ಮನ್ಸಾ ಪಕ್ಕದ ಮನೆ ಅಡುಗೆಯವಳದೋ ತೋಟದ ಮಾಲಿಯದೋ ಫೋನ್ ಬೇಡಿಕೊಂಡು ಕದ್ದು ಮಾತಾಡುತ್ತಿದ್ದಳು. ನಾವು ಆ ನಂಬರಿಗೆ ತಿರುಗಿ ಮಾಡಿದರೆ ಯಾರೋ ಅರಬ್ಬಿಯಲ್ಲಿ ಬೈದು ಇಡುತ್ತಿದ್ದರು. ಹುಡುಗಿಗೆ ಬಾಯಿಪಾಠವಿದ್ದದ್ದು ತಾಯಿಯ ನಂಬರ್ ಒಂದೇ. ಅದು ಹೋದರೆ ಮಗಳೂ ಹೋದ ಹಾಗೆ ಎಂದು ಎಸಾಬಾ ಫೋನನ್ನು ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡೇ ಮಲಗುತ್ತಿದ್ದಳು.

ಹೀಗಿರುವಾಗ ಸರ್ಕಾರದ ಅಪ್ಪಣೆ ಹೊರಟಿತು. ಎಲ್ಲರೂ ಗುರುತಿನ ಕಾರ್ಡ್ ತಂದು, ಬೆರಳೊತ್ತಿ, ಸಿಮ್ ಅನ್ನು ಹೊಸದಾಗಿ ನೋಂದಾಯಿಸಬೇಕು. ಇಲ್ಲದಿದ್ದರೆ ಲೈನ್ ಕಟ್. ಫೋನ್ ಕಂಪನಿಯವರು ಲಾರಿ ನಿಲ್ದಾಣದ ಬಳಿ ಛತ್ರಿ ನೆಟ್ಟು ಕೂತರು. ಬಿಸಿಲಲ್ಲಿ ಅರ್ಧ ದಿನ ನಿಂತ ಮೇಲೆ ಎಸಾಬಾಳ ಸರದಿ ಬಂತು. ಯಂತ್ರ ಕೆಂಪು ದೀಪ ತೋರಿಸಿತು. ಹತ್ತೂ ಬೆರಳಿಗೆ ಅದೇ ಕೆಂಪು.

"ಆಂಟಿ, ಬೆರಳು ಸರಿಯಾಗಿ ಒರೆಸ್ಕೊಳಿ," ಎಂದಳು ಕಂಪನಿಯ ಹುಡುಗಿ.

"ಒರೆಸೋಕೆ ಅಲ್ಲೇನೂ ಇಲ್ವಲ್ಲೇ. ದೇವರು ಕೊಟ್ಟಿದ್ದ ಗೆರೆನೆಲ್ಲ ಮೀನು ತಿಂದ್ಕೊಂಡ್ವು," ಎಂದಳು ಎಸಾಬಾ. ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಅವಳು ನಕ್ಕದ್ದು ಅದೇ ಕೊನೆ.

ಕಾರ್ಡ್ ಕೊಟ್ಟ ಸರ್ಕಾರದವರು ಬೆರಳು ಬಾರದಿದ್ದರೂ ಮುಖ ನೋಡಿ ಕೊಟ್ಟಿದ್ದರು. ಕಂಪನಿಯ ಯಂತ್ರಕ್ಕೆ ಮುಖ ಬೇಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಲೈನನ್ನು ನನ್ನ ಹೆಸರಿಗೆ ಬರೆದುಬಿಡಿ ಎಂದು ನಾನು ಜಗಳ ತೆಗೆದೆ. ಹೆಸರು ಬದಲಾಯಿಸಬೇಕಾದರೂ ಹಳೆಯ ಒಡತಿಯ ಬೆರಳೇ ಬೇಕಂತೆ. ಆ ಹುಡುಗಿಯ ಕೆನ್ನೆಗೆ ಎರಡು ಬಿಡಬೇಕೆನಿಸಿತು. ಆದರೆ ನಿಯಮ ಮಾಡಿದವಳು ಅವಳಲ್ಲವಲ್ಲ.

ಕೈಗೆ ಸ್ವಲ್ಪ ವಿಶ್ರಾಂತಿ ಕೊಟ್ಟರೆ ಹೊಸ ಚರ್ಮದ ಜೊತೆ ಗೆರೆಯೂ ಬರುತ್ತದೆ ಎಂದು ಯಾರೋ ಹೇಳಿದರು. ಅದು ಮೀನಿನ ಸುಗ್ಗಿ, ದೋಣಿಗಳು ತುಂಬಿ ಬರುತ್ತಿದ್ದವು. ವರ್ಷದ ಗಂಜಿ ದುಡಿಯುವ ಆ ಹೊತ್ತಿನಲ್ಲಿ ಎಸಾಬಾ ಒಲೆ ಆರಿಸಿ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಬಾಗಿಲಲ್ಲಿ ಕೂತಳು. ದಾರಿಯಲ್ಲಿ ಹೋಗುವ ಹೆಂಗಸರು, ಏನಕ್ಕ, ರಾಣಿ ಪಟ್ಟ ಸಿಕ್ತಾ ಎಂದು ಚುಚ್ಚಿದರು. ಮನ್ಸಾ ಫೋನ್ ಮಾಡಿದರೆ ನನ್ನ ನಂಬರ್ ಕೊಡೋಣವೆಂದು ಇಬ್ಬರೂ ಕಾದೆವು. ಫೋನ್ ಬರಲಿಲ್ಲ. ಚರ್ಮ ಬಂತು, ಕೂಸಿನ ಕೆನ್ನೆಯಂತೆ ನುಣ್ಣಗೆ. ಗೆರೆ ಬರಲಿಲ್ಲ. ಕೇಪ್ ಕೋಸ್ಟ್ ಪಟ್ಟಣದಲ್ಲಿರುವ ಕಂಪನಿಯ ದೊಡ್ಡ ಕಚೇರಿಗೂ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿಯೂ ಕೆಂಪು ದೀಪವೇ.

ಗಡುವು ಮುಗಿದ ಬೆಳಿಗ್ಗೆ ಲೈನ್ ಸತ್ತಿತು. ಎಸಾಬಾ ಆ ಫೋನಿಗೆ ಚಾರ್ಜ್ ಹಾಕುವುದನ್ನು ಮಾತ್ರ ಬಿಡಲಿಲ್ಲ. ಒಲೆ ಮತ್ತೆ ಹೊತ್ತಿತು, ಆದರೆ ಹೊಸ ಚರ್ಮ ಬಿಸಿ ತಾಳದೆ ಮೀನು ಸೀದುಹೋಗುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಒಲೆಗಳ ಕಡೆ ನಡೆದರು.

ನಾನು ಆಗಾಗ ನನ್ನ ಫೋನಿನಿಂದ ಆ ನಂಬರಿಗೆ ಮಾಡುತ್ತಿದ್ದೆ. ಈ ನಂಬರ್ ಬಳಕೆಯಲ್ಲಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಬಿಟ್ಟು, ಮುಂದಿನ ವರ್ಷದ ಸುಗ್ಗಿಯ ಹೊತ್ತಿಗೆ ಒಂದು ದಿನ ಮಾಡಿದಾಗ ರಿಂಗಾಯಿತು. ಎಸಾಬಾ ಓಡಿಬಂದಳು, ಸ್ಪೀಕರ್ ಹಾಕಿದೆ. ಎತ್ತಿದವನು ಉತ್ತರದ ತಮಾಲೆಯ ಯಾಕುಬು ಎಂಬುವನು. ಕಂಪನಿ ಆ ನಂಬರನ್ನು ಅವನಿಗೆ ಮಾರಿತ್ತು. ಪೇಟೆಗಳಲ್ಲಿ ಆಡುವ ಟ್ವಿ ಭಾಷೆಯಲ್ಲಿ, ಹರಕುಮುರುಕಾಗಿಯಾದರೂ, ಮರ್ಯಾದೆಯಿಂದಲೇ ಮಾತಾಡಿದ. ಹೊರದೇಶದಿಂದ ಯಾರಾದರೂ ಮಾಡಿದ್ದರಾ ಎಂದು ಕೇಳಿದೆ.

"ಹೂಂ ಅಮ್ಮ, ಒಂದು ಹುಡುಗಿ ಮಾಡ್ತಿತ್ತು. ನಿಮ್ಮ ಕರಾವಳಿ ಮಾತು, ನಂಗೆ ತಿಳಿಯಲ್ಲ. ಬರೀ ಅಳೋದು. ಎನಾ, ಎನಾ ಅನ್ನೋದು. ಎನಾ ಅಂತ ಯಾರನ್ನೋ ಹುಡುಕ್ತಿದಾಳೆ ಅಂದ್ಕೊಂಡೆ."

ಎನಾ ಎಂದರೆ ನಮ್ಮಲ್ಲಿ ಅವ್ವ.

"ನೀನೇನಂದೆ?" ಎಂದೆ.

"ನಂಗೆ ಬರೋ ಚೂರು ಟ್ವಿಯಲ್ಲಿ ಎನಾ ಇಲ್ಲ ಅಂದೆ. ಪಾಪ, ಅರ್ಥ ಆಗ್ಲಿ ಅಂತ ಬಿಡಿಸಿ ಬಿಡಿಸಿ ಹೇಳ್ದೆ, ಎನಾ ಇಲ್ಲ, ಎನಾ ಇಲ್ಲ ಅಂತ. ಆಮೇಲೆ ಕಿರುಚಿಕೊಂಡ್ಲು. ಅದೇ ಕೊನೆ, ಮತ್ತೆ ಮಾಡ್ಲಿಲ್ಲ."

ಅವಳು ಯಾವ ನಂಬರಿನಿಂದ ಮಾಡಿದ್ದಳೆಂದು ಕೇಳಿದೆ. ಆ ನಂಬರಿದ್ದ ಹಳೆಯ ಫೋನ್ ಕಳುವಾಗಿ, ಅದೇ ಲೈನಿಗೆ ಹೊಸ ಸಿಮ್ ಹಾಕಿಸಿಕೊಂಡಿದ್ದನಂತೆ. ಒಳ್ಳೆಯದಾಗಲಿ ಅಮ್ಮ ಎಂದು ಹಾರೈಸಿ ಇಟ್ಟ. ಬೈದು ಹಗುರಾಗೋಣವೆಂದರೆ ಅವನ ಮೇಲೂ ತಪ್ಪಿಲ್ಲ.

ಎಸಾಬಾ ನೆಲದ ಮೇಲೆ ಕೂತಿದ್ದಳು. ಒಲೆಯಲ್ಲಿ ಮೀನು ಸೀಯುವ ವಾಸನೆ ಬರುತ್ತಿತ್ತು. ಇಬ್ಬರೂ ಏಳಲಿಲ್ಲ.

"ಕುಕುವಾ," ಎಂದಳು, "ಅಲ್ಲಿ ನನ್ನ ಮಗಳು ನನ್ನ ಸಾವಿಗೆ ಒಬ್ಬಳೇ ಕೂತು ಅತ್ತು ಮುಗಿಸಿರ್ತಾಳೆ. ಇನ್ನು ಯಾರಿಗೆ ಅಂತ ಫೋನ್ ಮಾಡ್ತಾಳೆ?"