ಹನ್ನೊಂದು ಗಂಟೆ ಅಕ್ಕ

ಕೆಲಸ ಹುಡುಕುವವರಿಗೆ ಸಂದರ್ಶನ ಗೊತ್ತುಮಾಡಿಕೊಡುವ ಆ ಪುಟ್ಟ ಕಚೇರಿಯ ಅಕ್ಕನನ್ನು ಎಲ್ಲರೂ ಕರೆಯುವುದು ‘ಹನ್ನೊಂದು ಗಂಟೆ ಅಕ್ಕ’ ಎಂದೇ. ಹತ್ತಕ್ಕೆ ಸಂದರ್ಶನ ಮಾಡುವ ಸಾಹೇಬರ ತಲೆಯಲ್ಲಿ ಮನೆಯ ಜಗಳ ಇನ್ನೂ ಆರಿರುವುದಿಲ್ಲ, ಹನ್ನೆರಡಕ್ಕೆ ಹೊಟ್ಟೆ ತಾಳ ಹಾಕುತ್ತದೆ, ಊಟವಾದ ಮೇಲಂತೂ ಕಣ್ಣು ಎಳೆಯುತ್ತದೆ. ಮನುಷ್ಯ ಮನುಷ್ಯನಂತಿರುವುದು ಹನ್ನೊಂದಕ್ಕೆ ಮಾತ್ರ ಎಂಬುದು ಅವಳ ಸಿದ್ಧಾಂತ. ಅದಕ್ಕಾಗಿ ಫೋನಿನಲ್ಲಿ ತರಕಾರಿಗೆ ಮಾಡಿದಂತೆ ಚೌಕಾಸಿ ಮಾಡುತ್ತಾಳೆ. “ಒಂಬತ್ತೂವರೆ ಬೇಡ ಸಾರ್, ಪಾಪ, ಎರಡು ಬಸ್ಸು ಬದಲಾಯಿಸಿ ಬರಬೇಕು,” ಎನ್ನುತ್ತಾಳೆ. ಬರಬೇಕಾದವನ ಮನೆ ಅದೇ ಬೀದಿಯಲ್ಲಿರುತ್ತದೆ. ಆಮೇಲೆ ಅವನಿಗೆ ಫೋನು: “ಹನ್ನೊಂದಕ್ಕೆ ಕಣಪ್ಪಾ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಹೋಗು.” ಮಂಡಿನೋವೆಂದು ಪಕ್ಕದ ಕಪಾಟಿನ ಕಡತವನ್ನೂ ಕೂತಲ್ಲಿಗೇ ತರಿಸಿಕೊಳ್ಳುವ ಅಕ್ಕ, ಗಡಿಯಾರ ಹನ್ನೊಂದು ಹೊಡೆದರೆ ಮಾತ್ರ ಮೇಜು ಹಿಡಿದು ಎದ್ದು ನಿಲ್ಲುತ್ತಾಳೆ. ಇವತ್ತಿನ ಸರದಿ ಐವತ್ತು ದಾಟಿದ ಒಬ್ಬ ಫಿಟ್ಟರನದು. ಒಂಬತ್ತು ಕಡೆ ಅವನ ವಯಸ್ಸು ನೋಡಿ ಬಾಗಿಲಲ್ಲೇ ಬೇಡವೆಂದಿದ್ದರು. ಒಂಬತ್ತು ಸಲವೂ ಐದೇ ನಿಮಿಷಕ್ಕೆ “ಆಗ್ಲಿಲ್ಲ ಅಕ್ಕಾ” ಎಂದು ಬೀದಿಯಿಂದಲೇ ಅವನ ಫೋನು ಬಂದಿತ್ತು. ಹನ್ನೊಂದು ಹೊಡೆಯಿತು, ಅಕ್ಕ ಎದ್ದು ನಿಂತಳು. “ಕೂತ್ಕೊಳ್ಳಿ ಅಕ್ಕಾ, ಮಂಡಿ ನೋಯಲ್ವಾ?” ಎಂದಳು ಟೈಪಿಸ್ಟ್. “ಅಲ್ಲಿ ಬಾಗಿಲಲ್ಲಿ ಅವನು ನಿಂತಿರ್ತಾನೆ ಕಣೇ, ನಾನು ಹೇಗೆ ಕೂರ್ಲಿ?” ಐದು ನಿಮಿಷವಾಯಿತು, ಹತ್ತಾಯಿತು, ಕಾಲು ಗಂಟೆಯೂ ಕಳೆಯಿತು. ಫೋನು ಸದ್ದಿಲ್ಲದೆ ಬಿದ್ದಿತ್ತು. “ಕುರ್ಚಿ ಕೊಟ್ಟಿದ್ದಾರೆ ಕಣೇ,” ಎಂದು ಅಕ್ಕ ಉಸಿರುಬಿಟ್ಟು ತಾನೂ ಕೂತಳು.