ಮೇವು ಬಿಟ್ಟ ಮೀನು

ಗೋವಾದ ಕಡಲ ದಂಡೆಯ ಅಕ್ವೇರಿಯಮ್ಮಿನೊಳಗೆ ಬಂದು ಅರ್ಧ ತಾಸಾದರೂ ನಾವಿನ್ನೂ ಮೊದಲನೇ ಗಾಜಿನ ತೊಟ್ಟಿಯ ಮುಂದೆಯೇ ಇದ್ದೆವು. ಅದರೊಳಗೆ ಹಳದಿ ಮೀನೊಂದು, ಹಾಕಿದ ಕಾಳನ್ನು ಮೂಸಿಯೂ ನೋಡದೆ ಮೂಲೆ ಹಿಡಿದಿತ್ತು. ನಂದಗಡದಲ್ಲಿ ಜೀವಮಾನವಿಡೀ ಎಮ್ಮೆ ಸಾಕಿದ ನಮ್ಮ ಅತ್ತೆ ಅಲ್ಲಿಂದ ಕದಲಲೊಲ್ಲರು.

“ದಿನಾ ಇಷ್ಟ ಮಂದಿ ಕಣ್ಣ ಬಿಟ್ಟ ನೋಡಿದ್ರ ಹೊಟ್ಟಿಗೆ ಮೇವು ಹೆಂಗ ಹೋಗತೈತಿ? ದೃಷ್ಟಿ ಆಗೇತಿ ಇದಕ್ಕ,” ಎಂದವರೇ ಗಾಜಿನ ಮೇಲಿಂದ ಕೆಳಗೆ ಎರಡೂ ಕೈ ಇಳಿಸಿ, ತಮ್ಮ ತಲೆಗೆ ಒತ್ತಿ ಪಟಪಟ ನೆಟಿಗೆ ಮುರಿದರು.

ಕಾವಲುಗಾರ ಓಡಿ ಬಂದ. ನಾನು ಬೈಸಿಕೊಳ್ಳಲು ತಯಾರಾದೆ.

“ಯಾವೂರ್ರಿ ನಿಮ್ಮದು?”

“ನಂದಗಡ,” ಎಂದರು ಅತ್ತೆ.

“ನಾ ಅಲ್ಲೇ ಬಾಜೂಕ ಖಾನಾಪುರದಾಂವ್ರಿ,” ಎಂದು ಅವನು ದನಿ ತಗ್ಗಿಸಿದ. “ಅಲ್ಲೊಂದು ದೊಡ್ಡ ಶಾರ್ಕ್ ಐತಿ. ಎರಡ ದಿನ ಆತು, ಏನೂ ತಿಂದಿಲ್ಲ. ಅದಕ್ಕೂ ಒಂದೀಟ ದೃಷ್ಟಿ ತೆಗೀರಿ, ಅವ್ವಾರ.”

ಅತ್ತೆ ಹೋಗಿ ನಿಂತರು. ಶಾರ್ಕ್ ಗಾಜಿಗೆ ಮೂತಿ ಹಚ್ಚಿ ನಮ್ಮನ್ನೇ ದಿಟ್ಟಿಸಿತು. ಅತ್ತೆ ಎತ್ತಿದ ಕೈ ಹಾಗೇ ನಿಂತಿತು.

“ಇದಕ್ಕ ಯಾರ ದೃಷ್ಟಿ ತಾಗತೈತೋ ತಮ್ಮಾ? ನಮ್ಮನ್ನ ನುಂಗೂ ಹಂಗ ನೋಡಾಕತ್ತೈತಿ ಇದು!” ಎಂದು ಗಾಜಿಗೆ ಬೆನ್ನು ತಿರುಗಿಸಿ, ಮೊದಲು ನನಗೆ, ಆಮೇಲೆ ಕಾವಲುಗಾರನಿಗೆ ದೃಷ್ಟಿ ತೆಗೆದರು.